ಘಟಪ್ರಭಾ ಕೊಳ್ಳದಲ್ಲಿ ಡೆಬಿಯನ್: ಒಂದು ಮೂಲಶೋಧ

ಡೆಬಿಯನ್ ಎಂಬ ಯೂನಿಕ್ಸ್ ಬಳಗದ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯನ್ನು 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಅಮೆರಿಕದಲ್ಲಿ ಆರಂಭಿಸಿದನೆಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಈ ಮತ ಅಗ್ರಾಹ್ಯ. ಅದರ ನಡೆ, ನುಡಿ, ಸ್ವಭಾವಗಳೆಲ್ಲ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಮಣ್ಣಿನವೆಂದು ಪ್ರಸ್ತುತ ಲೇಖಕನು ಆಂತರಿಕ ಪ್ರಮಾಣಗಳಿಂದ ಸಾಧಿಸಲಿದ್ದಾನೆ. ಬಾಹ್ಯ ಪ್ರಮಾಣ ಒಂದೂ ಸಿಗದಿರುವುದೇ ಈ ವಾದದ ಪ್ರಾಚೀನತೆಗೆ ಸಾಕ್ಷಿ.

ಡೆಬಿಯನ್‌ನಲ್ಲಿ ಆವೃತ್ತಿ ಹಾರುವಂತಿಲ್ಲ. 11ರಲ್ಲಿದ್ದವನು 12ಕ್ಕೆ ಬಂದು, ಎಲ್ಲ ನೆಟ್ಟಗಿದೆಯೆಂದು ನೋಡಿಕೊಂಡು, ಆಮೇಲಷ್ಟೇ 2025ರ ಆಗಸ್ಟ್‌ನಲ್ಲಿ ಬಂದ 13ಕ್ಕೆ ಹೋಗಬೇಕು. ಈ ಕಟ್ಟಳೆ ಎಲ್ಲಿಯದು? ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಿಂದ ಘಟಪ್ರಭಾ ಹೊಳೆಗೆ ಬಿಟ್ಟ ನೀರು ಗೋಕಾಕ ದಾಟದೆ ಮೂಡಲಗಿ ತಾಲೂಕು ಮುಟ್ಟಿದ್ದನ್ನು ಕಂಡವರಿಲ್ಲ. ನಡುವೆ ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಧುಮುಕಬೇಕು. ಧುಮುಕಿದ ಮೇಲೆ ಹಿಂದಕ್ಕಿಲ್ಲ. ಹಳೆಯ ಆವೃತ್ತಿಗೆ ಮರಳುವುದನ್ನು ಡೆಬಿಯನ್ನೂ ಬೆಂಬಲಿಸುವುದಿಲ್ಲ. ಜಾಣರು ಮೊದಲೇ ಬ್ಯಾಕಪ್ ತೆಗೆದಿಟ್ಟುಕೊಳ್ಳುತ್ತಾರೆ. ಫಾಲ್ಸಿನ ತೂಗುಸೇತುವೆ ಬ್ಯಾಕಪ್ಪಿನ ಸಂಕೇತವೆಂಬ ವಾದವೊಂದುಂಟು; ವಾದಿ ಲೇಖಕನೇ.

ಇನ್ನು ಒಡೆತನದ ಪ್ರಶ್ನೆ. ಡೆಬಿಯನ್‌ಗೆ ಮಾಲೀಕನಿಲ್ಲ. ಸ್ವಯಂಸೇವಕರಿದ್ದಾರೆ, ಸಂವಿಧಾನವಿದೆ, ವರ್ಷ ವರ್ಷ ನಾಯಕನ ಚುನಾವಣೆಯಿದೆ. ಹುಕ್ಕೇರಿ ಸೀಮೆಯ ಹಳ್ಳಿಗಳಿಗೆ ಕರೆಂಟು ಹಂಚುವುದೂ ಸದಸ್ಯರದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅದು ಹುಟ್ಟಿದ್ದು 1969ರಲ್ಲಿ. ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಹುಟ್ಟಿದ್ದೂ ಅದೇ 1969ರಲ್ಲಿ. ಯಾರು ಯಾರನ್ನು ನೋಡಿ ಕಲಿತರೆಂದು ಬಿಡಿಸಿ ಹೇಳುವುದು ಸೌಜನ್ಯವಲ್ಲ.

ಅಪ್‌ಗ್ರೇಡ್ ವಿಧಿಗೆ ಬಂದರೆ, ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ‘ಸೋರ್ಸಸ್’ ಕಡತದಲ್ಲಿ 12ರ ಹೆಸರು ಬುಕ್‌ವರ್ಮ್ ಎಂದಿದ್ದಲ್ಲೆಲ್ಲ 13ರ ಹೆಸರು ಟ್ರಿಕ್ಸಿ ಎಂದು ತಿದ್ದಬೇಕು. 2014ರ ನವೆಂಬರ್ 1ರಂದು ಸರ್ಕಾರ ಬೆಳಗಾಂ ಎಂಬುದನ್ನು ಬೆಳಗಾವಿ ಎಂದು ತಿದ್ದಿತು. 2018ರಲ್ಲಿ ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾಯಿತು. ಮನೆ ಕದಲಲಿಲ್ಲ, ವಿಳಾಸ ಎರಡು ಸಲ ಅಪ್‌ಗ್ರೇಡ್ ಆಯಿತು. ಆದರೂ ಟ್ರಂಕಿನ ತಳದ ಮಾರ್ಕ್ಸ್‌ಕಾರ್ಡಿನಲ್ಲಿ ‘ತಾ: ಗೋಕಾಕ, ಜಿ: ಬೆಳಗಾಂ’ ಹಾಗೇ ಇದೆ. ಇದೇ ತತ್ತ್ವವನ್ನು ಕ್ಷೇತ್ರಕಾರ್ಯದಲ್ಲಿ ಕಣ್ಣಾರೆ ಕಂಡದ್ದು ಮೂಡಲಗಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ. ಕರಿ ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಏರುತ್ತಿದ್ದವು, ಥಟ್ಟನೆ ನಿಂತವು. ಪ್ರಿಂಟರಿನ ಕಾನ್ಫಿಗ್ ಕಡತವನ್ನು ನೀವು ತಿದ್ದಿದ್ದೀರಿ, ಹೊಸದೂ ಬಂದಿದೆ, ಏನು ಮಾಡಲಿ ಎಂದು ಯಂತ್ರದ ಪ್ರಶ್ನೆ. ವೈ ಒತ್ತಿದರೆ ಹೊಸದು, ಎನ್ ಒತ್ತಿದರೆ ಇದ್ದದ್ದು, ಡಿ ಒತ್ತಿದರೆ ಎರಡರ ವ್ಯತ್ಯಾಸ. ಡಿ ಒತ್ತಿ ತೌಲನಿಕ ಅಧ್ಯಯನ ಮಾಡೋಣವೆಂದು ಲೇಖಕನು ಸೂಚಿಸಿದನು.

“ಸುಮ್ನ ಎಂಟರ್ ಹೊಡೀತೀನ್ರಿ ಸರ್, ಇದ್ದದ್ದ ಇರ್ತೈತಿ” ಎಂದನು ಮಾಹಿತಿದಾರ. “ಪ್ರಿಂಟರ್ ಚಾಲೂ ಐತಿ, ಮಂದಿ ನಿಂತಾರ.”

ನಿಜ. ಏನೂ ಹೇಳದೆ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ಇಂಥ ಡೀಫಾಲ್ಟನ್ನು ಮೂಡಲಗಿಯ ಹೊರಗಿನವರು ಕಲ್ಪಿಸಿರಲಾರರು.

ಕೊನೆಯ ಪ್ರಮಾಣ ನಿರ್ಣಾಯಕ. 1996ರಿಂದ ಡೆಬಿಯನ್ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಚಿತ್ರಗಳ ಪಾತ್ರಗಳ ಹೆಸರು: 11 ಕುದುರೆ, 12 ಓದುವ ಹುಳು, 13 ಡೈನೋಸಾರ್, ಎಲ್ಲವೂ ಆಟಿಕೆಗಳೇ. ಮರದ ಬೊಂಬೆಗೆ ಹೆಸರಾದ ಊರು ಗೋಕಾಕ. ಚನ್ನಪಟ್ಟಣದವರು ತಕರಾರು ತೆಗೆಯಬಹುದು; ಅಲ್ಲಿ ಘಟಪ್ರಭೆ ಹರಿಯುವುದಿಲ್ಲ.

ಒಂದೇ ತೊಡಕು ಉಳಿದಿದೆ. ಎಂದೂ ಸ್ಥಿರವಾಗದ ಡೆಬಿಯನ್ ಆವೃತ್ತಿಯ ಹೆಸರು ಸಿಡ್. ಚಿತ್ರದಲ್ಲಿ ಬೊಂಬೆಗಳ ಕೈಕಾಲು ಮುರಿಯುವ ಪಕ್ಕದ ಮನೆಯ ಹುಡುಗ ಅವನು. ಅವನು ಯಾವ ತಾಲೂಕಿನವನೆಂದು ವಿಚಾರಿಸಲಾಗಿ, ಮೂರೂ ತಾಲೂಕಿನವರು ಉಳಿದೆರಡರ ಕಡೆ ಕೈ ತೋರಿಸಿದರು.