ಬಲಗೈ: ಬಳಕೆದಾರರ ಕೈಪಿಡಿ

ಮೊದಲ ಮಾತು

ಅಭಿನಂದನೆಗಳು. ನೀವೀಗ ಒಂದು ಬಲಗೈಯ ಮಾಲೀಕರು. ಹುಟ್ಟುವಾಗಲೇ ಜೋಡಿಸಿ ಕೊಟ್ಟಿರುವುದರಿಂದ ಪೆಟ್ಟಿಗೆ ಒಡೆಯುವ, ಸ್ಕ್ರೂ ಬಿಗಿಯುವ ತಾಪತ್ರಯವಿಲ್ಲ. ರಸೀದಿಯೂ ಇಲ್ಲ, ವಾರಂಟಿಯೂ ಇಲ್ಲ. ಮಿಕ್ಸಿ ಕೊಂಡರೂ ಜೊತೆಗೊಂದು ಕೈಪಿಡಿ ಬರುತ್ತದೆ. ಕೈಗೆ ಮಾತ್ರ ಯಾರೂ ಕೈಪಿಡಿ ಬರೆದುಕೊಟ್ಟಿಲ್ಲ. ಆ ಕೊರತೆ ನೀಗಿಸಲು ಈ ಹಾಳೆಗಳು. ಇಲ್ಲಿ ಹೇಳಿದ್ದನ್ನೆಲ್ಲ ಧಾರಾವಿಯ 13 ಕಾಂಪೌಂಡಿನಲ್ಲಿ ನಮ್ಮ ಕಾಕಾನ ಬಲಗೈ ಮೇಲೆ ಪ್ರಯೋಗಿಸಿ ನೋಡಲಾಗಿದೆ. ಪ್ರಯೋಗಕ್ಕೆ ಅವನ ಒಪ್ಪಿಗೆ ಕೇಳಿರಲಿಲ್ಲ.

ಕಾಕಾ ಯಾದಗಿರಿ ಕಡೆಯವ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಬಂದು ದಾದರಿನಲ್ಲಿ ಇಳಿದಾಗ ಅವನ ಹತ್ತಿರ ಇದ್ದದ್ದು ಎರಡು ಕೈ, ಒಂದು ಚೀಲ. 13 ಕಾಂಪೌಂಡಿಗೆ ಇಡೀ ಮುಂಬೈಯ ಒಡೆದ ಬಕೆಟ್, ಕುರ್ಚಿ, ಆಟಿಕೆ ಬಂದು ಬೀಳುತ್ತವೆ. ಬಣ್ಣ ಬಣ್ಣಕ್ಕೆ ಬೇರೆ ಮಾಡಬೇಕು, ಮಷೀನಿಗೆ ಹಾಕಿ ಚೂರು ಮಾಡಬೇಕು, ತೊಳೆಯಬೇಕು, ಪತ್ರಾ ಮೇಲೆ ಒಣಹಾಕಬೇಕು, ಕರಗಿಸಿ ಮತ್ತೆ ಕಾಳು ಮಾಡಬೇಕು. ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಮಾಲು ತಾನಾಗಿ ನಡೆದು ಹೋಗುವುದಿಲ್ಲ. ಯಾರಾದರೂ ಗೋಣಿ ಹೆಗಲಿಗೇರಿಸಿ, ನೆಟ್ಟಗೆ ನಿಂತ ಕಬ್ಬಿಣದ ಏಣಿ ಹತ್ತಿ, ಮಾಳದ, ಅಂದರೆ ಅಟ್ಟದ, ಬಾಯಿಗೆ ಎರಡೂ ಕೈ ಎತ್ತಿ ದಬ್ಬಬೇಕು. ಇಪ್ಪತ್ತಾರು ವರ್ಷ ಆ ಯಾರಾದರೂ ಅಂದರೆ ಕಾಕಾ.

ಭಾಗಗಳ ಪರಿಚಯ

ಕೈ ಶುರುವಾಗುವುದು ಹೆಗಲಿನಿಂದ ಎಂದು ನೀವು ತಿಳಿದಿದ್ದರೆ ತಿದ್ದಿಕೊಳ್ಳಿ, ಶುರುವಾಗುವುದು ಕತ್ತಿನಿಂದ. ಕತ್ತಿನ ಕೆಳಭಾಗದ ಮಣಿಗಳ ಸಂದಿನಿಂದ ಐದು ನರದ ಬೇರು ಹೊರಟು, ಜಡೆಯ ಹಾಗೆ ಹೆಣೆದುಕೊಂಡು, ಕಾಲರ್ ಮೂಳೆಯ ಅಡಿಗೆ ನುಸುಳಿ ಕಂಕುಳಿಗೆ ಬರುತ್ತವೆ. ದಾರಿಯಲ್ಲೊಂದು ಬಾಗಿಲು. ಸ್ಕೇಲೀನ್ ಎಂಬ ಎರಡು ಸ್ನಾಯು ಅದರ ಕಂಬಗಳು, ಮೊದಲನೆಯ ಪಕ್ಕೆಲುಬು ಹೊಸ್ತಿಲು. ಕೈಗೆ ರಕ್ತ ಒಯ್ಯುವ ಧಮನಿಯೂ ಇದೇ ಬಾಗಿಲಲ್ಲಿ ತೂರಿಕೊಂಡು ಹೋಗುತ್ತದೆ.

ನೂರರಲ್ಲಿ ಒಬ್ಬರಿಗೋ, ಅದಕ್ಕಿಂತ ಕಡಿಮೆ ಜನಕ್ಕೋ, ಕತ್ತಿನ ಏಳನೆಯ ಮಣಿಯಿಂದ ಒಂದು ಹೆಚ್ಚುವರಿ ಪಕ್ಕೆಲುಬು ಹುಟ್ಟಿರುತ್ತದೆ. ಹೆಚ್ಚಿನವರು ಅದು ಇದೆ ಎಂಬುದೇ ತಿಳಿಯದೆ ಜನ್ಮ ಕಳೆಯುತ್ತಾರೆ. ಹೆಗಲ ಮೇಲೆ ಗೋಣಿ ಇರದಿದ್ದರೆ ಕಾಕಾನೂ ಕಳೆಯುತ್ತಿದ್ದನೇನೋ. ಭಾರ ಹೆಗಲನ್ನು ಕೆಳಗೆ ಜಗ್ಗಿದಾಗ ಜಡೆಯ ಕೆಳ ಎಳೆ ಆ ಎಲುಬಿಗೋ, ಅದರ ತುದಿಯಿಂದ ಹೊರಟ ಹುರಿಯಂಥ ಪಟ್ಟಿಗೋ ಉಜ್ಜುತ್ತದೆ, ಬಾವಿಯ ಅಂಚಿಗೆ ಹಗ್ಗ ಉಜ್ಜಿದ ಹಾಗೆ.

ಗರಿಷ್ಠ ಭಾರ: ನಮೂದಿಸಿಲ್ಲ. ಗೋಣಿಯ ಮೇಲೂ ಬರೆದಿರುವುದಿಲ್ಲ. ಮಾಲೀಕ ಶೇಟ್‌ಗೆ ಗೊತ್ತಿರುತ್ತದೆ, ಮಾರುವಾಗ.

ದೋಷ ಪತ್ತೆ

ದೋಷ ಮೊದಲು ತೋರಿಕೊಂಡದ್ದು ಚಹಾದ ಅಂಗಡಿಯಲ್ಲಿ. ಕಟಿಂಗ್ ಚಹಾದ ಗ್ಲಾಸು ಕಾಕಾನ ಕೈಯಿಂದ ಜಾರಿ ಬಿತ್ತು. ಜಾರಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಬೆರಳು ಇನ್ನೂ ಗ್ಲಾಸು ಹಿಡಿದ ಹಾಗೇ ಇದ್ದವು. ಕಾಲ ಮೇಲೆ ಬಿಸಿ ಬಿದ್ದ ಮೇಲೆ ಕೆಳಗೆ ನೋಡಿದ. ಆಮೇಲೆ ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯತೊಡಗಿದ. ರಾತ್ರಿ ಕತ್ತಿನಿಂದ ಕಿರುಬೆರಳ ತನಕ ಬೆಂಕಿಯ ಗೆರೆ ಎಳೆದಂತೆ ನೋವು.

ನಮ್ಮ ಮಾತಿನಲ್ಲಿ ಎಲ್ಲವೂ ನರ. ಕೈ ಮೇಲೆ ಹಸಿರಾಗಿ ಕಾಣುವುದೂ ನರ, ಹಿಮ್ಮಡಿಯ ಮೇಲಿನ ಹುರಿಯೂ ನರ. ಗಲ್ಲಿಯ ಡಾಕ್ಟರು ‘ನಸ್ ದಬ್ ಗಯೀ ಹೈ’, ನರ ಒತ್ತಿಕೊಂಡಿದೆ, ಎಂದಾಗ ಕಾಕಾ ಮೊಣಕೈಯ ನೀಲಿ ಗೆರೆ ತೋರಿಸಿ ‘ಇದಾ?’ ಅಂದ. ಅದಕ್ಕೇ ಒಂದು ಕೆಂಪು ಇಂಜೆಕ್ಷನ್ ಬಿತ್ತು. ಬಳಕೆದಾರರ ಗಮನಕ್ಕೆ: ಕೆಂಪು ಇಂಜೆಕ್ಷನ್ ವಿಟಮಿನ್ನು. ಎಲುಬು ಸರಿಸುವ ಶಕ್ತಿ ಅದಕ್ಕಿಲ್ಲ. ಕತ್ತು ಲಟಕ್ಕನೆ ತಿರುಗಿಸುವ, ಮೂಳೆ ಕೂಡಿಸುವ ಹಾಡ್‌ವೈದ್ಯನ ಹತ್ತಿರ ಹೋಗಬೇಡಿ ಎಂದು ಇಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕಿತ್ತು. ಕಾಕಾ ಆಗಲೇ ಎರಡು ಸಲ ಹೋಗಿ ಬಂದಿದ್ದ.

ಯಾವ ಬೆರಳು ಜೋಮು ಹಿಡಿಯುತ್ತದೆ ಎಂಬುದನ್ನು ಮನೆಯಲ್ಲೇ ನೋಡಿಕೊಂಡು ಹೋಗಿ, ಡಾಕ್ಟರ ಅರ್ಧ ಕೆಲಸ ಹಗುರಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ನಡುರಾತ್ರಿ ಜುಮುಗುಟ್ಟಿ ಕೈ ಝಾಡಿಸಬೇಕು ಅನಿಸಿದರೆ ದೋಷ ಮಣಿಕಟ್ಟಿನಲ್ಲಿ. ಅಲ್ಲಿನ ಸುರಂಗದಲ್ಲಿ ಒಂಬತ್ತು ಸ್ನಾಯುಹುರಿಗಳ ಜೊತೆ ಒಂದೇ ಒಂದು ನರ, ಬೆಳಗಿನ ಲೋಕಲ್‌ನಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ. ಹೊಲಿಗೆಯವರಲ್ಲೂ ಹಪ್ಪಳ ಲಟ್ಟಿಸುವ ಹೆಂಗಸರಲ್ಲೂ ಇದು ಕಾಣುತ್ತದೆ. ಕೈಯಷ್ಟೇ ಮರಗಟ್ಟಿಸಿ, ಸುರಂಗದ ಚಾವಣಿಯ ಪಟ್ಟಿ ಕೊಯ್ದುಬಿಟ್ಟರೆ ಕಾಲು ಗಂಟೆಯ ಕೆಲಸ. ಕತ್ತು ಹಿಂದಕ್ಕೆ ವಾಲಿಸಿ ನೋವಿನ ಕಡೆಗೆ ಓರೆ ಮಾಡಿದಾಗ ತೋಳಿಗೆ ಕರೆಂಟು ಹೊಡೆದರೆ ಮಣಿಗಳ ನಡುವಿನ ಡಿಸ್ಕು ಜಾರಿರಬಹುದು. ಕತ್ತಿನ ಮುಂಭಾಗದಿಂದ ಹೋಗಿ ಡಿಸ್ಕು ತೆಗೆದು ಎರಡು ಮಣಿ ಬೆಸೆಯುವ ವಿದ್ಯೆ 1950ರ ದಶಕದಿಂದಲೂ ಇದೆ. ಕಿರುಬೆರಳು, ಉಂಗುರಬೆರಳು, ಜೊತೆಗೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಮೈಯೂ ಜೋಮಾದರೆ ಮೇಲೆ ಹೇಳಿದ ಬಾಗಿಲನ್ನು ಅನುಮಾನಿಸಿ.

ಕೈ ಒಮ್ಮೆಲೇ ಬಿಳಿಚಿ ತಣ್ಣಗಾದರೆ, ಅಥವಾ ತೋಳು ಬಾತು ನೀಲಿಗಟ್ಟಿದರೆ ರಕ್ತದ ದಾರಿ ಕಟ್ಟಿದೆ ಎಂದರ್ಥ. ಕೈಪಿಡಿ ಮಡಚಿಟ್ಟು ಓಡಿ.

60 ಫೀಟ್ ರೋಡಿನ ಛೋಟಾ ಸಾಯನ್ ಎಂಬ ದವಾಖಾನೆಯಿಂದ ಕಾಕಾನನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ಕೇಸ್ ಪೇಪರ್ ಹಿಡಿದು ಜೊತೆಗೆ ನಾನೂ ಹೋದೆ. ಎಳೆ ವಯಸ್ಸಿನ ಡಾಕ್ಟರಮ್ಮ ಮರಾಠಿಯಲ್ಲಿ ‘ಮುಂಗ್ಯಾ ಯೇತಾತ್ ಕಾ?’ ಅಂದರು. ಮುಂಗ್ಯಾ ಅಂದರೆ ಇರುವೆ. ಜೋಮಿಗೆ ಮರಾಠಿಯವರು ಹೇಳುವುದು ಹಾಗೆ. ಕಾಕಾ ಗಂಭೀರವಾಗಿ, ಸಕ್ಕರೆ ಡಬ್ಬಿಗೆ ಬರ್ತಾವ, ಹಾಸಿಗೆಗೆ ಬರೋದಿಲ್ಲ ಅಂತ ಹಿಂದಿಯಲ್ಲಿ ಉತ್ತರ ಕೊಟ್ಟ. ಆಮೇಲೆ ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ ಎರಡೂ ಕೈ ಎತ್ತಿಸಿ, ಮೂರು ನಿಮಿಷ ಮುಷ್ಟಿ ಬಿಚ್ಚಿ ಮುಚ್ಚಿ ಮಾಡಲು ಹೇಳಿದರು. ಒಂದು ನಿಮಿಷ ಆಗುವ ಮೊದಲೇ ಬಲಗೈ ತೊಡೆಯ ಮೇಲೆ ಬಿತ್ತು. ಎಕ್ಸ್‌ರೇಯಲ್ಲಿ ಎಲುಬು ಕಂಡಿತು. ಎಡಕ್ಕೂ ಒಂದಿತ್ತು, ತುಸು ಗಿಡ್ಡ. ‘ಅದು ತ್ರಾಸು ಕೊಡದಿದ್ದರೆ ಅದರ ಸುದ್ದಿಗೆ ಹೋಗೋದು ಬೇಡ’ ಅಂದರು.

ಬಿಚ್ಚುವ ವಿಧಾನ

ಮನೆಯಲ್ಲಿ ಪ್ರಯತ್ನಿಸಬೇಡಿ.

ಹೆಚ್ಚಿನವರಿಗೆ ಕತ್ತಿ ಬೇಕಾಗುವುದಿಲ್ಲ. ಕೆಲವು ತಿಂಗಳು ವ್ಯಾಯಾಮ, ಹೆಗಲಿಗೆ ಬಿಡುವು ಸಾಕು. ಆದರೆ ಕಾಕಾನ ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ಗುಳಿ ಬಿದ್ದ ಮೇಲೆ ಕಾಯುವುದು ತರವಲ್ಲ. ಇಂಥ ಎಲುಬನ್ನು 1861ರಲ್ಲೇ ಲಂಡನ್ನಿನಲ್ಲಿ ಹೋಮ್ಸ್ ಕೂಟ್ ಎಂಬ ಶಸ್ತ್ರವೈದ್ಯ ತೆಗೆದಿದ್ದ. 1927ರಲ್ಲಿ ಅಮೆರಿಕದ ಆಡ್ಸನ್ ಎಲುಬಿನ ಗೊಡವೆ ಬಿಟ್ಟು ಮುಂದಿನ ಕಂಬವನ್ನಷ್ಟೇ ಕೊಯ್ದು ನೋಡಿದ. 1966ರಲ್ಲಿ ರೂಸ್ ಕಂಕುಳಿನಿಂದ ಒಳಹೊಕ್ಕು ಹೊಸ್ತಿಲನ್ನೇ ಕಿತ್ತ. ಬಾಗಿಲು ಅಗಲ ಮಾಡಲು ಯಾವುದನ್ನು ಒಡೆಯಬೇಕು ಎಂಬ ವಾದ ಇನ್ನೂ ಮುಗಿದಿಲ್ಲ.

ಧಾರಾವಿಯಲ್ಲಿ ಏನನ್ನೇ ಕೆಡವಲಿ, ಮೊದಲು ಸರ್ವೆ ಆಗಬೇಕು, ಗೋಡೆಗೆ ನಂಬರು ಬೀಳಬೇಕು, ಧಾರಾವಿಯಲ್ಲೇ ಬದಲಿ ಜಾಗ ಬೇಕಾದರೆ 2000ದ ಜನವರಿ 1ರೊಳಗಿನದು ಎಂಬ ಕಾಗದ ತೋರಿಸಬೇಕು. ಕಾಕಾನ ಎಲುಬು ಅವನ ಜೊತೆಗೇ ಹುಟ್ಟಿದ್ದು, ತಾರೀಕಿನ ತಕರಾರಿಲ್ಲ. ಆದರೆ ಅದು ನೆಲಮಹಡಿಯದಲ್ಲ. ಮೊದಲನೆಯ ಪಕ್ಕೆಲುಬಿನ ಮೇಲೆ ಎಬ್ಬಿಸಿದ ಪೋಟ್‌ಮಾಳಾ. ಮಹಡಿಯ ಮೇಲಿನದ್ದಕ್ಕೆ ಒಳಗೆ ಜಾಗವಿಲ್ಲ, ಹಾಗಾಗಿ ಅಪಾತ್ರ. ಅದಕ್ಕೆ ಸಿಕ್ಕ ಪರ್ಯಾಯ ಜಾಗ ಧಾರಾವಿಯ ಹೊರಗೆ, ಫಾರ್ಮಲಿನ್ ಡಬ್ಬಿಯಲ್ಲಿ.

ಪೂರ್ತಿ ಅರಿವಳಿಕೆ ಕೊಟ್ಟು, ಕಾಲರ್ ಮೂಳೆಯ ಮೇಲೆ ಬೆರಳುದ್ದ ಸೀಳುತ್ತಾರೆ. ಕೊಬ್ಬಿನ ಪದರ ಸರಿಸಿದರೆ ಮುಂದಿನ ಕಂಬ. ಅದರ ಮೈಮೇಲೆಯೇ ವಪೆಯನ್ನು ಆಡಿಸುವ ನರ ದಾರದ ಹಾಗೆ ಇಳಿದಿರುತ್ತದೆ. ಅದಕ್ಕೆ ಪೆಟ್ಟಾದರೆ ಉಸಿರೆಳೆಯುವ ವಪೆಯ ಅರ್ಧ ಬಲ ಹೋದಂತೆ, ಆದ್ದರಿಂದ ಮೆತ್ತಗೆ ಬದಿಗೆ ಸರಿಸಿಕೊಳ್ಳುತ್ತಾರೆ. ಕಂಬ ಕೊಯ್ದ ಮೇಲೆ ನರದ ಜಡೆ ಕಾಣುತ್ತದೆ. ಅದರ ಹಿಂದೆ ಎಲುಬು. ಚೂರು ಚೂರಾಗಿ ಕಡಿದು ತೆಗೆಯುತ್ತಾರೆ. ಕೆಳಗೆ ತೆಳ್ಳಗಿನ ಶ್ವಾಸಕೋಶದ ಪೊರೆ. ಅದು ತೂತಾಗಿದೆಯೇ ಎಂದು ನೋಡುವ ಕ್ರಮ ಕೇಳಿ ಕಾಕಾ ಬಹಳ ಖುಷಿಪಟ್ಟ: ಗಾಯದ ಗುಳಿಗೆ ಸಲೈನ್ ತುಂಬಿ, ಶ್ವಾಸಕೋಶ ಉಬ್ಬಿಸಿ, ಗುಳ್ಳೆ ಏಳುತ್ತವೆಯೇ ಎಂದು ನೋಡುತ್ತಾರೆ. ‘ನಮ್ಮ ಪಂಕ್ಚರ್‌ನವನೂ ಬುಟ್ಟ್ಯಾಗ ನೀರ ಹಾಕಿ ಹಂಗೇ ನೋಡ್ತಾನಲ್ಲೋ ತಮ್ಮಾ! ಅವನಿಗಿ ಯಾಕ ಡಾಕ್ಟರ್ ಅನ್ನಂಗಿಲ್ಲ?’

ಬಳಕೆಯ ನಂತರ

ಉರಿಯುವ ನೋವು ಮೊದಲು ಹೋಯಿತು. ಮೂರನೇ ರಾತ್ರಿ ಕಾಕಾ ಗೊರಕೆ ಹೊಡೆದ. ಪಕ್ಕದ ಖೋಲಿಯವರು ಗೋಡೆ ಬಡಿದರು, ಕಾಕಿ ಕಣ್ಣೊರೆಸಿಕೊಂಡಳು. ಬೆರಳ ಜೋಮು ನಿಧಾನಕ್ಕೆ ಇಳಿಯಿತು. ಹೆಬ್ಬೆರಳ ಗುಳಿ ಮಾತ್ರ ತುಂಬಲಿಲ್ಲ. ನರ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕತ್ತಿನಿಂದ ಅಂಗೈಗೆ ಕಾಕಾ ತಾನೇ ಟೇಪು ಹಿಡಿದು ಅಳೆದ: 70 ಸೆಂಟಿಮೀಟರ್. ಅಂದರೆ 700 ದಿನ. ಅಷ್ಟು ದಿನ ಮಾಂಸ ಕಾದು ಕೂರುವುದಿಲ್ಲ.

ಸೂಚನೆ: ಆರು ವಾರ ಭಾರ ಎತ್ತಬಾರದು. ಆಪರೇಷನ್ ಎರಡು ಗಂಟೆಯಲ್ಲಿ ಮುಗಿಯಿತು. ಈ ಪ್ರಕ್ರಿಯೆಯ ಕಷ್ಟದ ಭಾಗ ಈ ಸೂಚನೆಯ ಒಂದು ಸಾಲು. 13 ಕಾಂಪೌಂಡಿನಲ್ಲಿ ಲೆಕ್ಕ ಗೋಣಿಗೆ, ದಿನಕ್ಕಲ್ಲ. ಎತ್ತದ ಗೋಣಿಗೆ ಪಗಾರವಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು, ಕೈ ಜೋಳಿಗೆಯಲ್ಲಿ ನೇತಾಡುತ್ತಿದ್ದರೆ ಬಾಯಿಗೇನು ಎಂದು ಹೇಳಿ ಹೋಗಲಿಲ್ಲ. ಮೊದಲ ವಾರ ಶೇಟ್ ಐನೂರು ಕಳಿಸಿದ. ಎರಡನೇ ವಾರ ಹೆಂಗಿದ್ದೀ ಅಂತ ಕೇಳಿ ಕಳಿಸಿದ. ಮೂರನೇ ವಾರ ಏಣಿಯ ಮೇಲೆ ಬಿಹಾರದ ಹುಡುಗನೊಬ್ಬ ಹತ್ತಿ ಇಳಿಯುತ್ತಿದ್ದ.

ಇಪ್ಪತ್ಮೂರನೇ ದಿನ ನಾನು ಹೋದಾಗ ಕಾಕಾ ಮನೆಯಲ್ಲಿರಲಿಲ್ಲ. ಏಣಿಯ ಬುಡದಲ್ಲಿ ಸಿಕ್ಕ. ಬಲಗೈ ಡಾಕ್ಟರು ಹೇಳಿದ ಹಾಗೇ ಜೋಳಿಗೆಯಲ್ಲಿತ್ತು, ಅಲುಗಾಡಿಸಿರಲಿಲ್ಲ.

‘ಕಾಕಾ, ಏನ್ ಮಾಡ್ಲಕತ್ತೀ? ಡಾಕ್ಟರಮ್ಮ ಏನಂದಿದ್ರು?’

‘ಬಲಗೈಗಿ ಅಂದಿದ್ರು,’ ಅಂದ ಕಾಕಾ, ಎಡ ಹೆಗಲ ಮೇಲಿನ ಗೋಣಿ ಒಂದಿಷ್ಟು ಸರಿಮಾಡಿಕೊಂಡು. ‘ಸರಿ ಅತ್ಲಾಗ, ದಾರಿ ಬಿಡು.’

ಎಡಗೈಗೆ: ಮೊದಲ ಪುಟದಿಂದ ಓದಿ.