ಪರದೇಶಿಯ ರಹದಾರಿ: ಒಂದು ಸುಂಕಮೀಮಾಂಸೆ

ಶಾಸ್ತ್ರವೆಂದ ಮೇಲೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳು ಇರಲೇಬೇಕು. ಈ ಪ್ರಬಂಧದಲ್ಲಿ ಮೊದಲ ನಾಲ್ಕು ಇವೆ. ಐದನೆಯದಾದ ಸಂಗತಿ ಹೆದ್ದಾರಿ ಪ್ರಾಧಿಕಾರದಿಂದ ಇನ್ನೂ ಬರಬೇಕಾಗಿದೆ. ಸೂತ್ರಗಳು ನಮ್ಮವೇ, ಭಾಷ್ಯವೂ ನಮ್ಮದೇ. ಹಿಂದಿನ ಕಾಲದಲ್ಲಿ ಇವೆರಡನ್ನೂ ಬೇರೆ ಬೇರೆಯವರು ಬರೆಯುತ್ತಿದ್ದದ್ದರಿಂದಲೇ ಅಷ್ಟೊಂದು ಮತಭೇದ ಹುಟ್ಟಿತೆಂಬುದು ನಮ್ಮ ಖಚಿತ ಅಭಿಮತ.

ಮೊದಲು ವಿಷಯ. ಸೂರತ್ತಿನ ವರಾಛಾ ಎಂದರೆ ಕಾಠಿಯಾವಾಡದಿಂದ ಬಂದು ವಜ್ರ ಉಜ್ಜಿ ಬದುಕು ಕಟ್ಟಿಕೊಂಡವರ ನೆಲೆ. ಅಲ್ಲಿನ ಮಿನಿ ಬಜಾರಿನಲ್ಲಿ ದಲ್ಲಾಳಿಗಳು ಬೀದಿಯಲ್ಲೇ ಕಾಗದದ ಪೊಟ್ಟಣ ಬಿಚ್ಚಿ, ಚಿಮಟದಲ್ಲಿ ಹರಳೆತ್ತಿ, ಕಣ್ಣಿಗೆ ಮಸೂರ ಒತ್ತಿಕೊಂಡು ವ್ಯಾಪಾರ ಕುದುರಿಸುತ್ತಾರೆ. ಅದೇ ಮನೆತನದ ಒಬ್ಬ ನ್ಯೂಜೆರ್ಸಿಯಲ್ಲಿ, ಇನ್ನೊಬ್ಬ ಆಂಟ್‌ವರ್ಪಿನಲ್ಲಿ. ಮದುವೆ ಸೀಸನ್ನಿಗೆ ಅವರು ಹೊರದೇಶದ ಪಾಸ್‌ಪೋರ್ಟ್ ಹಿಡಿದು ಇಳಿಯುತ್ತಾರೆ, ತಾವೇ ಓಡಿಸುವ ಬಾಡಿಗೆ ಕಾರು ಗೊತ್ತುಮಾಡುತ್ತಾರೆ, ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಜೇಬಿನಲ್ಲಿಟ್ಟುಕೊಂಡು ಅಮರೇಲಿಯ ಅಜ್ಜಿಯನ್ನು ನೋಡಲು ಹೊರಡುತ್ತಾರೆ. ಶಾಸ್ತ್ರದ ದೃಷ್ಟಿಯಲ್ಲಿ ಇವರೇ ವಿದೇಶಿ ಪ್ರವಾಸಿಗಳು. ಅಜ್ಜಿಯ ದೃಷ್ಟಿಯಲ್ಲಿ ಅಲ್ಲ. ಆದರೆ ಅಜ್ಜಿ ಅಧಿಸೂಚನೆ ಹೊರಡಿಸುವುದಿಲ್ಲ.

ವರಾಛಾದಿಂದ ಕಾಪೋದ್ರಾ ದಾಟಿದರೆ ಸರಥಾಣಾ ಜಕಾತ್‌ನಾಕಾ ಸಿಗುತ್ತದೆ. ಗುಜರಾತಿನ ಮಹಾನಗರಗಳಲ್ಲಿ ಆ ಜಕಾತಿ, ಅಂದರೆ ಆಕ್ಟ್ರಾಯ್, 2007ರಲ್ಲೇ ರದ್ದಾಯಿತು. ನಾಕಾದ ಹೆಸರು ಮಾತ್ರ ರಿಕ್ಷಾದವರ ಬಾಯಲ್ಲಿ ಗಟ್ಟಿಯಾಗಿ ಕೂತಿದೆ. ಇಲ್ಲಿ ನಮ್ಮ ಮೊದಲ ಸೂತ್ರ: ಶುಲ್ಕೇ ಗತೇಽಪಿ ನಾಮ ತಿಷ್ಠತಿ. ಮುಂದೆ ಕಾಮರೇಜಿನಲ್ಲಿ ಸಿಗುವ ರಾಷ್ಟ್ರೀಯ ಹೆದ್ದಾರಿ 48 ನಮ್ಮ ಬೆಳಗಾವಿ, ದಾವಣಗೆರೆ, ತುಮಕೂರುಗಳ ಹೆದ್ದಾರಿಯೇ ಆದ್ದರಿಂದ ಕನ್ನಡಿಗರಿಗೂ ಈ ಚರ್ಚೆಯಲ್ಲಿ ಬಾಯಿಹಾಕುವ ಹಕ್ಕುಂಟು. ಅಲ್ಲದೆ ಸುಂಕಶಾಸ್ತ್ರದಲ್ಲಿ ನಾವೇನು ಕಿರಿಯರೆ? ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಬಗೆಬಗೆಯ ಸುಂಕಗಳನ್ನು ಕಲ್ಲಿನ ಮೇಲೆ ಕೆತ್ತಿಸಿದವರು. ಸುಂಕದ ಬಂಕಣ್ಣನನ್ನು 12ನೇ ಶತಮಾನದಲ್ಲೇ ವಚನಕಾರರ ಸಾಲಿನಲ್ಲಿ ಕೂರಿಸಿದವರು.

ಇನ್ನು ಸಂಶಯ. ಈ ವಿದೇಶಿ ಪ್ರವಾಸಿಗೆ ಹೆದ್ದಾರಿಯ ಟೋಲ್ ಪಾಸು ಸಿಗುತ್ತದೆಯೋ ಇಲ್ಲವೋ? ಆ ಪಾಸಿನ ಅಧಿಕಾರ ಇರುವುದು ಓಡಿಸುವವನಲ್ಲೋ, ಓಡುವ ಕಾರಿನಲ್ಲೋ?

ಪೂರ್ವಪಕ್ಷಿ ಹೇಳುತ್ತಾನೆ: ವಿದೇಶಿಗೆ ಪಾಸು ಕೊಡುವ ಪದ್ಧತಿಯೇ ನಮ್ಮ ದೇಶದಲ್ಲಿಲ್ಲ. ಇದು ಇತಿಹಾಸ ಓದದವನ ಮಾತು. 1717ರಲ್ಲಿ ಬಾದಶಹ ಫರ್ರುಖ್‌ಸಿಯರ್ ಈಸ್ಟ್ ಇಂಡಿಯಾ ಕಂಪನಿಗೆ ಫರ್ಮಾನು ಕೊಟ್ಟ. ಬಂಗಾಳದಲ್ಲಿ ವರ್ಷಕ್ಕೆ 3,000 ರೂಪಾಯಿ ಕಟ್ಟಿದರೆ ಸುಂಕ ಮಾಫಿ, ಸೂರತ್ತಿನಲ್ಲಾದರೆ 10,000. 2025ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಫಾಸ್ಟ್ಯಾಗ್ ವಾರ್ಷಿಕ ಪಾಸು ಜಾರಿಗೆ ತಂದಾಗ ನಿಗದಿಮಾಡಿದ ದರವೂ 3,000 ರೂಪಾಯಿಯೇ; ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಮುನ್ನೂರೆಂಟು ವರ್ಷಗಳಲ್ಲಿ ಒಂದು ಕಾಸೂ ಏರದ ಇನ್ನೊಂದು ದರವನ್ನು ಭರತಖಂಡದಲ್ಲಿ ಯಾರಾದರೂ ತೋರಿಸಿದರೆ ಅವರಿಗೆ ನಮಸ್ಕಾರ. ಸೂರತ್ತಿಗೆ ಮಾತ್ರ ಹತ್ತು ಸಾವಿರ ಏಕೆ ಎಂದು ಕೇಳಬಾರದು. ಸೂರತ್ತಿನಲ್ಲಿ ದುಡ್ಡಿದೆಯೆಂಬುದು ಮೊಗಲರಿಗೂ ಗೊತ್ತಿತ್ತು.

ಕಂಪನಿಯ ಆ ಪಾಸಿಗೆ ದಸ್ತಕ್ ಎಂದು ಹೆಸರು. ಕಂಪನಿಯ ನೌಕರರು ಅದನ್ನೇ ತೋರಿಸಿ ಸ್ವಂತ ವ್ಯಾಪಾರ ನಡೆಸಿದರು, ಬೇಕಾದವರಿಗೂ ಹಂಚಿದರು. ರೋಸಿಹೋದ ಬಂಗಾಳದ ನವಾಬ ಮೀರ್ ಖಾಸಿಂ, ಹಾಗಾದರೆ ಯಾರೂ ಸುಂಕ ಕಟ್ಟುವುದೇ ಬೇಡ ಎಂದು ಎಲ್ಲರಿಗೂ ಮಾಫಿ ಮಾಡಿದ. 1764ರಲ್ಲಿ ಬಕ್ಸಾರ್ ಯುದ್ಧವೇ ಆಯಿತು. ಪಾಸು ಕೈದಾಟಿದರೆ ರಾಜ್ಯವೂ ಕೈದಾಟುತ್ತದೆ ಎಂದು ಅರಿತೇ ಈಗಿನ ವಾರ್ಷಿಕ ಪಾಸನ್ನು ಬೇರೆ ವಾಹನಕ್ಕೆ ವರ್ಗಾಯಿಸಕೂಡದೆಂದು ನಿಯಮ ಮಾಡಿರಬೇಕು. ಇದಕ್ಕೆ ಶಬ್ದಪ್ರಮಾಣವಿಲ್ಲ, ಬರೀ ಅನುಮಾನಪ್ರಮಾಣ.

ಸಿದ್ಧಾಂತಕ್ಕೆ ಬರೋಣ. ಎರಡನೇ ಸೂತ್ರ: ಫಲಕವರ್ಣಾದಧಿಕಾರಃ. ಬಿಳಿ ಫಲಕದ ಮೇಲೆ ಕಪ್ಪಕ್ಷರವಿದ್ದರೆ ಸ್ವಂತ ವಾಹನ, ವಾರ್ಷಿಕ ಪಾಸು ಉಂಟು. ಹಳದಿಯ ಮೇಲೆ ಕಪ್ಪಿದ್ದರೆ ಟ್ಯಾಕ್ಸಿ, ಪಾಸು ಇಲ್ಲ. ಕಪ್ಪಿನ ಮೇಲೆ ಹಳದಿಯಿದ್ದರೆ 1989ರ ರೆಂಟ್ ಎ ಕ್ಯಾಬ್ ಯೋಜನೆಯಡಿ ಪರವಾನಗಿ ಪಡೆದ, ನೀವೇ ಓಡಿಸುವ ಬಾಡಿಗೆ ಕಾರು, ಅದಕ್ಕೂ ಇಲ್ಲ. ಒಳಗೆ ಕೂತವನು ಅಮೆರಿಕದವನೋ ಅಮರೇಲಿಯವನೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ತೆರಿಗೆ ತಪ್ಪಿಸಿ ಬಿಳಿ ಫಲಕದಲ್ಲೇ ಕಳ್ಳಬಾಡಿಗೆಗೆ ಓಡುವ ಕಾರು ಸರ್ಕಾರದ ದಾಖಲೆಯಲ್ಲಿ ಸ್ವಂತದ್ದು, ಆದ್ದರಿಂದ ಸಿಕ್ಕಿಬೀಳುವ ತನಕ ಪಾಸಿಗೆ ಯೋಗ್ಯ. ಕಾನೂನು ಪಾಲಿಸಿ ಕಪ್ಪು ಫಲಕ ಹಾಕಿಸಿದವನೇ ಅನಧಿಕಾರಿ. ಶಾಸ್ತ್ರಕಾರರು ಇದನ್ನು ದೋಷವೆನ್ನಲಾರರು, ಲೀಲೆ ಎಂದಾರು.

ಹಾಗೆಂದು ಬಿಟ್ಟಿಯಾಗಿ ದಾಟುವ ವಿದೇಶಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2008ರ ಶುಲ್ಕ ನಿಯಮಗಳ 11ನೇ ನಿಯಮದಲ್ಲಿ ವಿನಾಯಿತಿಯ ದೊಡ್ಡ ಪಟ್ಟಿಯಿದೆ. ರಾಷ್ಟ್ರಪತಿ, ಪ್ರಧಾನಿ ಮೊದಲಾದವರ ಜೊತೆಗೆ ಅಧಿಕೃತ ಸರ್ಕಾರಿ ಭೇಟಿಗೆ ಬಂದ ವಿದೇಶಿ ಗಣ್ಯರಿಗೂ ಅಲ್ಲಿ ಜಾಗವುಂಟು. ತಂಗಿಯ ಮದುವೆ ಅಧಿಕೃತ ಭೇಟಿಯಲ್ಲ.

ಈಗ ಪ್ರತ್ಯಕ್ಷಪ್ರಮಾಣ. ಕಪ್ಪು ಫಲಕದ ಕಾರು ಟೋಲ್ ಲೇನಿಗೆ ಬರುತ್ತದೆ. ಗಾಜಿನ ಮೇಲಿನ ಟ್ಯಾಗನ್ನು ಯಂತ್ರ ಓದುತ್ತದೆ, ಅಡ್ಡಗಂಬ ಏಳುವುದಿಲ್ಲ. ಹಿಂದಿನ ಲಾರಿ ಹಾರ್ನು ಒತ್ತಿ ಹಿಡಿಯುತ್ತದೆ. ಲೇನಿನ ಹುಡುಗ ಕೈಯಲ್ಲಿನ ಸ್ಕ್ಯಾನರನ್ನು ಗಾಜಿಗೆ ಒತ್ತಿ, ‘ಬ್ಯಾಲೆನ್ಸ್ ನಥೀ, ಭಾಯ್’ ಎನ್ನುತ್ತಾನೆ. ಟ್ಯಾಗು ಕಾರಿನ ಮಾಲೀಕನದು. ಬ್ಯಾಲೆನ್ಸ್ ಕಡಿಮೆಯೆಂಬ ಮೆಸೇಜು ಹೋದದ್ದೂ ಅವನ ಮೊಬೈಲಿಗೆ. ಅವನು ಊಟ ಮುಗಿಸಿ ಮಲಗಿದ್ದಾನೆ. ವಿದೇಶಿ ಪ್ರವಾಸಿ ಅಪ್ಪಟ ಕಾಠಿಯಾವಾಡಿಯಲ್ಲಿ ಅಜ್ಜಿಯ ಆರೋಗ್ಯ, ವಿಮಾನ ತಡವಾದದ್ದು, ನಿದ್ದೆಗೆಟ್ಟದ್ದು ಎಲ್ಲವನ್ನೂ ನಿವೇದಿಸುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮದು, ಅದರ ಪುರಾವೆ ಗುಜರಾತಿನಲ್ಲಿ. ಕೊನೆಗೆ, 2025ರ ನವೆಂಬರ್ 15ರಂದು ಜಾರಿಗೆ ಬಂದ ಲೆಕ್ಕ ಹೀಗಿತ್ತು: ಟ್ಯಾಗು ಕೈಕೊಟ್ಟಾಗ ನಗದು ಕೊಟ್ಟರೆ ಶುಲ್ಕದ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು. ಇಲ್ಲಿ ಬ್ಯಾಂಕ್ ಖಾತೆಯಿಲ್ಲದ ವಿದೇಶಿಗಾಗಿ 2023ರ ಜಿ20 ಹೊತ್ತಿಗೆ ಶುರುವಾದ ಯುಪಿಐ ಒನ್ ವರ್ಲ್ಡ್ ಎಂಬ ವಾಲೆಟ್ಟು ಇದೆ. ಬಂದಿಳಿದ ಕೂಡಲೇ ಮಾಡಿಸಿಕೊಂಡವನು ಜಾಣ.

ಈ ಫಾಸ್ಟ್ಯಾಗ್ ಮೊದಲು ಪ್ರಯೋಗಕ್ಕೆ ಬಂದದ್ದು 2014ರಲ್ಲಿ, ಇದೇ ಅಹಮದಾಬಾದ್–ಮುಂಬೈ ಹಾದಿಯಲ್ಲಿ. ತಡೆಯೇ ಇಲ್ಲದ, ಕ್ಯಾಮೆರಾ ಮತ್ತು ಸೆನ್ಸರುಗಳು ಓಡುವ ಕಾರಿನಿಂದಲೇ ಹಣ ಕೀಳುವ ಹೊಸ ವ್ಯವಸ್ಥೆಗೆ 2025ರ ಆಗಸ್ಟಿನಲ್ಲಿ ಮೊದಲ ಒಪ್ಪಂದವಾದದ್ದೂ ಕಾಮರೇಜ್ ಬಳಿಯ ಚೋರ್ಯಾಸಿ ಟೋಲಿಗೇ. ಅಂಥ ಟೋಲಿನಲ್ಲಿ ಸುಖದುಃಖ ಕೇಳಲು ಸುಂಕದವನೂ ಇರುವುದಿಲ್ಲ. ಬಾಕಿಯ ಚೀಟಿ ನಂಬರ್ ಪ್ಲೇಟ್ ಹಿಡಿದು ಮಾಲೀಕನ ಮನೆಗೆ ಬರುವ ಹೊತ್ತಿಗೆ ಪ್ರವಾಸಿ ನ್ಯೂಜೆರ್ಸಿಯಲ್ಲಿ ಹಿಮ ಎತ್ತುತ್ತಿರುತ್ತಾನೆ. ಮಾಲೀಕ ಮುಂದಿನ ಪ್ರವಾಸಿಯಿಂದ ದೊಡ್ಡ ಡಿಪಾಸಿಟ್ಟು ಕೇಳುತ್ತಾನೆ. ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗಂತೂ ಸಿಕ್ಕಿಲ್ಲ.

ಸುಂಕಭೀರುಗಳಿಗೆ ಜಲಮಾರ್ಗವೂ ಉಂಟು. 2020ರ ನವೆಂಬರಿನಲ್ಲಿ ಆರಂಭವಾದ ಹಜೀರಾ–ಘೋಘಾ ಹಡಗು ಕಾರನ್ನೂ ಹೊತ್ತುಕೊಂಡು ಖಂಭಾತ ಕೊಲ್ಲಿ ದಾಟುತ್ತದೆ. 370 ಕಿಲೋಮೀಟರ್ ರಸ್ತೆ 90 ಕಿಲೋಮೀಟರ್ ಸಮುದ್ರವಾಗುತ್ತದೆ. ಹಡಗಿಗೂ ಕಾಸು ಕೊಡಬೇಕೆಂದು ಪೂರ್ವಪಕ್ಷಿ ಆಕ್ಷೇಪಿಸಿದರೆ ಅವನನ್ನು ದಡದಲ್ಲೇ ಬಿಟ್ಟು ಹೊರಡತಕ್ಕದ್ದು.

ಕೊನೆಗೊಂದು ದೃಷ್ಟಾಂತ: ಜಪಾನಿನಲ್ಲಿ ವಿದೇಶಿ ಪಾಸ್‌ಪೋರ್ಟ್ ತೋರಿಸಿದವನಿಗೆ ಬಾಡಿಗೆ ಕಾರಿನ ಅಂಗಡಿಯಲ್ಲೇ 7 ಅಥವಾ 14 ದಿನದ ಎಕ್ಸ್‌ಪ್ರೆಸ್‌ವೇ ಪಾಸು ಸಿಗುತ್ತದೆ. ಫರ್ಮಾನು ಬೇಡ, ದಸ್ತಕ್ ಬೇಡ. ಆದ್ದರಿಂದ ಹೆದ್ದಾರಿ ಸಚಿವಾಲಯಕ್ಕೆ ಈ ಸೂತ್ರಕಾರ ಹಾಗೂ ಭಾಷ್ಯಕಾರರ ಜಂಟಿ ವಿನಂತಿ: ಪರವಾನಗಿಯಿರುವ ಕಪ್ಪು ಫಲಕದ ಕಾರಿಗೂ ಒಂದು ವಾರದ, ಎರಡು ವಾರದ ಪಾಸು ಕೊಡಿ, ಬಾಡಿಗೆ ಚೀಟಿಯ ಜೊತೆಗೇ ಅದು ಪ್ರವಾಸಿಯ ಹೆಸರಿಗೆ ಬರಲಿ. ಅದು ಬರುವ ತನಕ, ಡಿಸೆಂಬರಿನಲ್ಲಿ ಮಗ ಸೊಸೆ ಬರುವ ಮನೆಗಳವರು, ವರಾಛಾದವರಾಗಲಿ ದಾವಣಗೆರೆಯವರಾಗಲಿ, ಕಾರಿನ ಕೀಲಿ ಇಸಿದುಕೊಳ್ಳುವ ಮೊದಲು ಫಾಸ್ಟ್ಯಾಗಿನಲ್ಲಿ ಎಷ್ಟಿದೆಯೆಂದು ಕೇಳಿ ತಿಳಿದುಕೊಳ್ಳಿ, ಮಾಲೀಕ ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತಾನೆ ಎಂಬುದನ್ನೂ.