ನಮ್ಮ ಮನೆ ಖಾಲಿ, ಊರ ಅಟ್ಟ ಭರ್ತಿ

2023ರ ಜನವರಿಯಲ್ಲಿ ಮಾರಿ ಕೊಂಡೊ ಕೈಚೆಲ್ಲಿದರು. ಯಾರು ಅಂತೀರಾ? ಮನೆ ಚೊಕ್ಕಟ ಮಾಡುವುದನ್ನು ಜಗತ್ತಿಗೇ ಪಾಠ ಹೇಳಿ, ಪುಸ್ತಕ ಬರೆದು, 2019ರಲ್ಲಿ ನೆಟ್‌ಫ್ಲಿಕ್ಸ್ ಕಾರ್ಯಕ್ರಮದಲ್ಲಿ ಅಮೆರಿಕನ್ನರ ಕಪಾಟುಗಳನ್ನು ಬುಡಮೇಲು ಮಾಡಿಸಿದ ಜಪಾನಿನ ಹೆಣ್ಣುಮಗಳು. ಮೂರನೇ ಕೂಸು ಹುಟ್ಟಿದ ಮೇಲೆ ಓರಣದ ಗೀಳನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿದ್ದೇನೆ ಎಂದರು. ಮೂರು ಮಕ್ಕಳಿರುವ ಮನೆಯ ನೆಲ ಹೇಗಿರುತ್ತದೆಂದು ನಮ್ಮ ಯಾವ ಅಜ್ಜಿಯನ್ನು ಕೇಳಿದ್ದರೂ ಬಿಟ್ಟಿಯಾಗಿ ಹೇಳುತ್ತಿದ್ದಳು. ಗುರು ಪೀಠ ಬಿಟ್ಟರೂ ಶಿಷ್ಯರು ಬಿಡಬೇಕಲ್ಲ! ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಭಕ್ತಿ ಒಂದಿಷ್ಟೂ ಇಳಿದಿಲ್ಲ.

ಆಕೆಯ ಮಂತ್ರ ಸರಳ. ಒಂದೊಂದೇ ವಸ್ತುವನ್ನು ಕೈಗೆತ್ತಿಕೊಳ್ಳಿ, ಮನಸ್ಸು ಅರಳಿದರೆ ಇಟ್ಟುಕೊಳ್ಳಿ, ಇಲ್ಲವಾದರೆ ಅದಕ್ಕೊಂದು ಥ್ಯಾಂಕ್ಸ್ ಹೇಳಿ ಕಳಿಸಿಕೊಡಿ. ಸರಿ, ಕುಕ್ಕರಿನ ಗ್ಯಾಸ್ಕೆಟ್ಟನ್ನು ಎದೆಗವಚಿಕೊಂಡು ನಿಲ್ಲಿ ನೋಡೋಣ. ಅರಳುತ್ತದೆಯೇ? ಕಾಗದಪತ್ರಗಳ ವಿಷಯದಲ್ಲಂತೂ ಆಕೆಯ ಮೊದಲ ಮಾತೇ ಎಲ್ಲ ಎಸೆಯಿರಿ ಎಂಬುದು, ವಿನಾಯಿತಿಗಳು ಆಮೇಲೆ. ಪುಣ್ಯಾತ್ಗಿತ್ತಿ ಹಳೆ ಕಾಗದ ಹುಡುಕಿ ಮನೆಯ ಇ-ಖಾತಾ ಮಾಡಿಸಿದವರಲ್ಲ. ಅಪ್ಪನ ತಗಡಿನ ಪೆಟ್ಟಿಗೆಯ ತಳದಲ್ಲಿ, ದಾರ ಕಟ್ಟಿದ ಕಟ್ಟಿನೊಳಗೆ, ಅರಿಶಿನ ಬಣ್ಣಕ್ಕೆ ತಿರುಗಿದ ಕಂದಾಯದ ರಸೀದಿಯೊಂದು ಸಿಕ್ಕಾಗ ಮನೆಮಂದಿಯ ಮುಖ ನೋಡಬೇಕಿತ್ತು! ಅಷ್ಟು ಆನಂದ ಯಾವ ರೇಷ್ಮೆ ಸೀರೆಯೂ ಉಕ್ಕಿಸಿಲ್ಲ.

ಇನ್ನೊಂದು ವಿಷಯ. ಮನೆ ಖಾಲಿ ಮಾಡಿ ಎಂದು ಊರಿಗೆಲ್ಲ ಸಾರಿದ ಈಕೆಯೇ 2019ರ ನವೆಂಬರಿನಲ್ಲಿ ಆನ್‌ಲೈನ್ ಅಂಗಡಿ ತೆರೆದರು. ಆಗ ಅಲ್ಲಿ ಒಂದು ಟ್ಯೂನಿಂಗ್ ಫೋರ್ಕ್, ಅದನ್ನು ಬಡಿಯಲೊಂದು ಸ್ಫಟಿಕದ ಕಲ್ಲು, ಜೋಡಿಗೆ 75 ಡಾಲರ್. ಜಾಗ ಮಾಡಿಸಿದವರಿಗೇ ಜಾಗ ತುಂಬಿಸುವ ಮೊದಲ ಹಕ್ಕು ಎಂಬ ವ್ಯಾಪಾರಧರ್ಮ ಇದು. ನಮ್ಮಲ್ಲೂ ಗಂಟೆಗಿಷ್ಟು ಅಂತ ತೆಗೆದುಕೊಂಡು ಮನೆ ಓರಣ ಮಾಡಿಕೊಡುವವರು ಬಂದಿದ್ದಾರೆ. ಬಂದವರು ಮೊದಲು ಹೊರಹಾಕುವುದು ಹಾರ್ಲಿಕ್ಸ್ ಬಾಟಲಿ, ಎರಡನೆಯದು ಬೋರ್ನ್‌ವಿಟಾ ಡಬ್ಬಿ, ಆಮೇಲೆ ಒಂದೇ ಅಳತೆಯ ಗಾಜಿನ ಜಾಡಿಗಳ ಪಟ್ಟಿ ಕೊಟ್ಟು ತರಿಸಿ ಅನ್ನುತ್ತಾರೆ. ಕರೆಂಟ್ ಹೋದರೂ ಕತ್ತಲಲ್ಲಿ ಕೈಯಾಡಿಸಿ, ಸೊಟ್ಟ ಮುಚ್ಚಳದ್ದು ಸಾಸಿವೆ, ಉದ್ದನೆಯದು ಮೆಂತ್ಯ ಎಂದು ಒಗ್ಗರಣೆ ಹಾಕುತ್ತಿದ್ದ ಅತ್ತೆ ಈಗ ಕನ್ನಡಕ ಹುಡುಕಿ, ‘ತೂರ್ ದಾಲ್’ ಎಂಬ ಇಂಗ್ಲಿಷ್ ಚೀಟಿ ಓದಿ, ತೊಗರಿಬೇಳೆ ಅಳೆಯುತ್ತಾರೆ.

ಅದಿರಲಿ. ನನಗಿರುವ ಕುತೂಹಲ ಒಂದೇ: ಹೊರಬಿದ್ದದ್ದೆಲ್ಲ ಹೋಯಿತೆಲ್ಲಿಗೆ?

ಎಸೆಯುವುದು ನಮ್ಮ ಜಾಯಮಾನವಲ್ಲ. ದುಡ್ಡು ಕೊಟ್ಟು ತಂದದ್ದು, ‘ಯಾರಿಗಾದ್ರೂ ಆಗತ್ತೆ’. ಈ ಯಾರಿಗಾದರೂ ಎಂಬವರು ಯಾರೆಂದು ವಿಚಾರಿಸಿದರೆ, ಬೇಡ ಅನ್ನಲು ಬಾಯಿಲ್ಲದವರು. ಮೊದಲನೆಯವರು ಊರಲ್ಲಿರುವ ಅಪ್ಪ ಅಮ್ಮ. ದೀಪಾವಳಿಗೆ ಹೊರಟ ಕಾರುಗಳ ಡಿಕ್ಕಿ ತೆಗೆಸಿ ನೋಡಿ: ಬ್ರೆಡ್ ಟೋಸ್ಟರ್, ಮಗುವಿನ ವಾಕರ್, ಒಂದು ಕಾಲು ಅಲ್ಲಾಡುವ ಟೀಪಾಯಿ. ‘ಇಲ್ಲಿ ಜಾಗ ಇದ್ಯಲ್ಲಮ್ಮ, ಇರ್ಲಿ ಬಿಡು’ ಎಂದು ಇಳಿಸಿ, ಖಾಲಿಯಾದ ಡಿಕ್ಕಿಗೆ ತೆಂಗಿನಕಾಯಿ, ಹಪ್ಪಳ, ಮಿಡಿ ಉಪ್ಪಿನಕಾಯಿ ತುಂಬಿಸಿಕೊಂಡು ಬರುವುದು. ಈಸ್ಟ್ ಇಂಡಿಯಾ ಕಂಪನಿಗೂ ಇಂಥ ದರ ಕುದುರಿರಲಿಕ್ಕಿಲ್ಲ. ಶಿರಸಿ ಕಡೆಯ ಒಂದು ಮನೆಯ ಅಟ್ಟದಲ್ಲಿ ಕೆಟ್ಟುಹೋದ ಮೈಕ್ರೋವೇವ್ ಒವನ್ ನೋಡಿದೆ. ಬಾಗಿಲು ತೆಗೆದರೆ ಒಳಗೆ ಗಾಜಿನ ತಟ್ಟೆಯ ಮೇಲೆ ಬೂದಿ ಬೆರೆಸಿದ ಬೆಂಡೆಬೀಜ, ಸೌತೆಬೀಜ, ಹೀರೆಬೀಜದ ಪೊಟ್ಟಣಗಳು. ‘ಇಲಿ ಬಾಯಿ ಹಾಕೂಲೆ ಆಗ್ತಿಲ್ಲೆ ನೋಡು’ ಎಂದು ಆ ಮನೆಯೊಡತಿ ಹೆಮ್ಮೆಯಿಂದ ಬಾಗಿಲನ್ನು ಟಪ್ಪೆಂದು ಮುಚ್ಚಿ ತೋರಿಸಿದರು. ಒವನ್ ತಯಾರಿಸಿದ ಇಂಜಿನಿಯರ್ ನೋಡಿದ್ದರೆ ವೃತ್ತಿ ಸಾರ್ಥಕವಾಯಿತು ಎನ್ನುತ್ತಿದ್ದ.

ಎರಡನೆಯವರು ಮನೆಗೆಲಸದಾಕೆ. ಹಬ್ಬದ ಹಿಂದಿನ ದಿನ, ಇನಾಮು ಇನ್ನೂ ಕೈಗೆ ಬೀಳುವ ಮೊದಲು, ‘ಮಿಕ್ಸಿ ತಗೊಂಡ್ಹೋಗೇ, ಚೆನ್ನಾಗಿದೆ’ ಎಂಬ ಔದಾರ್ಯ.

‘ಜಾರೇ ಇಲ್ವಲ್ಲಕ್ಕಾ?’

‘ಜಾರ್ ಎಲ್ಲಾದ್ರೂ ಸಿಗತ್ತೆ ಬಿಡೇ.’

ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ಕು ಜನ ಮಲಗುವವಳಿಗೆ ಮೂರು ಬೆಡ್‌ರೂಮಿನ ಮನೆಯಾಕೆ ಜಾಗವಿಲ್ಲವೆಂದು ಕೊಡುವ ದಾನ ಇದು. ಆಕೆಯೇನು ದಡ್ಡಿಯಲ್ಲ, ದಾರಿಯಲ್ಲೇ ಗುಜರಿ ಅಂಗಡಿಯ ತಕ್ಕಡಿಗೆ ಹಾಕಿ ಬಸ್ ಚಾರ್ಜು ಹುಟ್ಟಿಸಿಕೊಳ್ಳುತ್ತಾಳೆ. ಮರುದಿನ ‘ಮಿಕ್ಸಿ ಹೇಗಿದೆ?’ ಎಂದರೆ ‘ಸೂಪರಾಗಿದೆ ಅಕ್ಕಾ’.

ಮೂರನೆಯವರು ಸಿಗಲು ಮಳೆ ಜೋರಾಗಿ ಬರಬೇಕು. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಕೃಷ್ಣೆ, ಮಲಪ್ರಭೆ ಊರೊಳಗೆ ನುಗ್ಗಿದಾಗ ರಾಜ್ಯದ ಕರುಣೆಯೂ ಉಕ್ಕಿ ಹರಿಯಿತು, ಅದರ ಜತೆಗೆ ಕಪಾಟುಗಳೂ ಹರಿದು ಖಾಲಿಯಾದವು. ಹಳೆಬಟ್ಟೆ ಮಾತ್ರ ಕಳಿಸಬೇಡಿ ಮಾರಾಯ್ರೇ ಎಂದು ಪರಿಹಾರ ಹಂಚುವವರೇ ಕೈಮುಗಿಯಬೇಕಾಯಿತು. ಮನೆ ಕಳೆದುಕೊಂಡವನಿಗೆ ಜಿಪ್ ಹೋದ ಜೀನ್ಸ್! ಎದೆಗವಚಿಕೊಂಡಾಗ ನಮ್ಮ ಮನಸ್ಸು ಅರಳದ್ದು, ಎದೆಮಟ್ಟ ನೀರಲ್ಲಿ ನಿಂತವನಿಗೆ ಅರಳಬೇಕು ಎಂಬ ಲೆಕ್ಕ.

ಹಾಸಿಗೆ, ಸೋಫಾಗಳಿಗೆ ಇಷ್ಟು ಯೋಗವೂ ಇಲ್ಲ. ಅವು ರಾತ್ರಿ ಊಟವಾದ ಮೇಲೆ ಸದ್ದಿಲ್ಲದೆ ಲಿಫ್ಟಿಳಿದು, ಮುಂದಿನ ಕ್ರಾಸಿನ ಟ್ರಾನ್ಸ್‌ಫಾರ್ಮರ್ ಪಕ್ಕ ಹೋಗಿ ಕೂರುತ್ತವೆ. ಹೊತ್ತವರಿಬ್ಬರೂ ಬೆಳಿಗ್ಗೆ ಅದೇ ದಾರಿಯಲ್ಲಿ ವಾಕಿಂಗ್ ಹೊರಟು, ‘ಈ ಊರು ಉದ್ಧಾರ ಆಗಲ್ಲ’ ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ಊರಿನ ಕಸ ಆಚೆ ಸಾಗಿಸುವುದರಲ್ಲಿ ಬೆಂಗಳೂರು ಮೊದಲಿಂದಲೂ ಪಳಗಿದ ಕೈ. ಅದರ ಕಸ ಸುರಿಸಿಕೊಳ್ಳುತ್ತಿದ್ದ ಮಾವಳ್ಳಿಪುರ 2012ರಲ್ಲಿ ಬಾಗಿಲು ಹಾಕಿತು, ಮಂಡೂರಿನವರು 2014ರಲ್ಲಿ ರಸ್ತೆಗಿಳಿದು ಕಸದ ಲಾರಿ ನಿಲ್ಲಿಸಿದರು, ಲಾರಿ ಮುಂದಿನ ಹಳ್ಳಿಯ ದಾರಿ ಹಿಡಿಯಿತು. ಮನೆಯಲ್ಲಿ ನಾವು ಮಾಡುವುದೂ ಇದೇ ನಗರಾಡಳಿತ.

2025ರ ಅಕ್ಟೋಬರಿನಲ್ಲಿ ಮಾತ್ರ ಚಕ್ರ ಒಂದು ಸುತ್ತು ಹಿಂದಕ್ಕೆ ತಿರುಗಿತು. ಬೀದಿಯಲ್ಲಿ ಕಸ ಎಸೆದವರನ್ನು ವಿಡಿಯೊದಲ್ಲಿ ಹಿಡಿದು, ವಿಳಾಸ ಹುಡುಕಿ, ಅವರ ಮನೆ ಬಾಗಿಲಿಗೇ ಕಸ ಸುರಿಸಿ, ದಂಡವನ್ನೂ ಹಾಕಿದರು ಬೆಂಗಳೂರಿನ ಘನತ್ಯಾಜ್ಯ ಸಂಸ್ಥೆಯವರು. ಈ ಪದ್ಧತಿ ಊರಿನ ಅಟ್ಟಗಳಿಗೂ ವಿಸ್ತರಿಸಲಿ ಎಂದು ಯಾರಾದರೂ ಶಾಸಕರು ಸದನದಲ್ಲಿ ಕೇಳಬೇಕು. ಶಿರಸಿಯ ರಾತ್ರಿ ಬಸ್ಸಿನಲ್ಲಿ ಒವನ್, ಟೋಸ್ಟರ್, ಟೀಪಾಯಿ ಸಮೇತ ಅಮ್ಮ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಹದಿನಾಲ್ಕನೇ ಮಹಡಿಯ ಬಿಳಿ ಗೋಡೆಯ ಖಾಲಿ ಹಾಲಿನಲ್ಲಿ ಎಲ್ಲ ಸಾಲಾಗಿ ಜೋಡಿಸಿಟ್ಟು, ‘ಇಲ್ಲಿ ಜಾಗ ಇದ್ದಲೋ ತಮ್ಮಾ’ ಎನ್ನಬೇಕು. ಲಗೇಜ್ ಚಾರ್ಜು ಮಗನದು. ಬೆಂಡೆಬೀಜ ಮಾತ್ರ ಆಕೆ ಸೆರಗಲ್ಲಿ ಕಟ್ಟಿಕೊಂಡು ವಾಪಸ್ ಒಯ್ಯುತ್ತಾಳೆ.